ಗಂಟಲು ಕಟ್ಟಿದ ಮೂರು ದಿನ

ಮೈಗೆ ಕಾಯಿಲೆ ಬಂದರೆ ಮನೆಯವರಿಗೆ ಬೇಸರ ಆಗಬೇಕು, ಅದು ಲೋಕದ ಕ್ರಮ. ನನಗೆ ಜ್ವರ ಬಂದಾಗ ಅವರು ಬೇಸರ ಮಾಡಿದ್ದುಂಟು, ಕಾಲಿಗೆ ಮುಳ್ಳು ಹೊಕ್ಕಾಗಲೂ ಮಾಡಿದ್ದುಂಟು. ಆದರೆ ಗಂಟಲು ಕಟ್ಟಿದಾಗ ಮಾತ್ರ ಒಬ್ಬರ ಮುಖದಲ್ಲೂ ಬೇಸರ ಕಾಣಲಿಲ್ಲ. ಸೋದರಮಾವ ಆ ದಿನ ಒಂದು ಸೌಟು ಗಂಜಿ ಹೆಚ್ಚು ಉಂಡರು. ನಾನು ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೆ ಮುಖ ಓದಲಿಕ್ಕೆ ಶಾಲೆ ಬೇಡ.

ತಪ್ಪು ಅವರದ್ದಲ್ಲ, ನನ್ನ ಬಾಯಿ ಹಾಗೆ. ನಮ್ಮದು ಬಂಟ್ವಾಳದಿಂದ ಎರಡು ಮೈಲು ಒಳಗಿನ ಮನೆ. ನಮ್ಮಲ್ಲಿ ಆಸ್ತಿ ಹೆಣ್ಣುಮಕ್ಕಳ ಕಡೆಯಿಂದ ನಡೆಯುವುದಾದ್ದರಿಂದ, ಗಂಡ ತೀರಿದ ಮೇಲೆ ನಾನೂ ಅಲ್ಲೇ ಉಳಿದೆ. ಯಜಮಾನಿಕೆ ಮಾವನದ್ದು, ಮಾತು ನನ್ನದು. ತಂಗಿ ಗಿರಿಜೆಗೆ ಎರಡು ಸಂಬಂಧ ಬಂದು ಹಾಗೆಯೇ ಹೋಗಿದ್ದವು. ಮೊದಲನೆಯದು ಫರಂಗಿಪೇಟೆಯ ಕಡೆಯದ್ದು. ಹುಡುಗ ನಗುವಾಗ ಹಲ್ಲು ಸ್ವಲ್ಪ ಅಲ್ಲಾಡಿದ ಹಾಗೆ ಕಂಡಿತು. "ಹಲ್ಲು ಸ್ವಂತದ್ದಾ?" ಅಂತ ಕೇಳಿದೆ. ತಪ್ಪೇನು? ಎತ್ತು ಕೊಳ್ಳುವಾಗ ನೋಡುವುದಿಲ್ಲವಾ? ಎರಡನೆಯದು ಕಕ್ಕಿಂಜೆಯಿಂದ ಬಂತು. ಹುಡುಗನಿಗೆ ಮೂವತ್ತು ವರ್ಷ ಅಂದರು. "ಮೂವತ್ತು ತುಂಬಿ ಎಷ್ಟು ವರ್ಷ ಆಯಿತು?" ಅಂತ ಕೇಳಿದೆ. ಅವರು ಚಾ ಅರ್ಧದಲ್ಲಿ ಬಿಟ್ಟು ಎದ್ದರು. ಆ ಚಾ ನಾನೇ ಕುಡಿದೆ, ಸಕ್ಕರೆ ಹಾಕಿದ್ದು ಚೆಲ್ಲಬಾರದು.

ಮೂರನೆಯದು ನಾರಾವಿಯದ್ದು. ಗಿರಿಜೆ ಆ ಹುಡುಗನನ್ನು ಮೂಡಬಿದ್ರೆಯಲ್ಲಿ ಒಂದು ಮದುವೆಯ ಊಟದಲ್ಲಿ ನೋಡಿದ್ದಳು. ಅವನು ಬಡಿಸಲಿಕ್ಕೆ ನಿಂತವನು, ಇವಳ ಎಲೆಗೆ ಮಾತ್ರ ಎರಡು ಸಲ ಪಾಯಸ ಹಾಕಿದನಂತೆ. ಅಲ್ಲಿಂದ ಬಂದವಳು ಒಂದು ವಾರ ನೆಲಕ್ಕೆ ಕಾಲು ಊರಲಿಲ್ಲ. ಅವರು ಶುಕ್ರವಾರ ಬರುವುದು ಅಂತ ನಿಶ್ಚಯವಾಯಿತು. ಮಾವ ನನ್ನನ್ನು ಚಾವಡಿಗೆ ಕರೆದು, "ಕಮಲಾ, ಇದೂ ತಪ್ಪಿದರೆ ನಾಲ್ಕನೆಯದ್ದು ಹುಡುಕಲಿಕ್ಕೆ ನನ್ನ ಚಪ್ಪಲಿಯಲ್ಲಿ ಅಟ್ಟೆ ಉಳಿದಿಲ್ಲ" ಅಂದರು. ಗಿರಿಜೆ ಬಾಗಿಲ ಸಂದಿಯಿಂದ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

ಮಂಗಳವಾರ ಆಚೆಮನೆಯ ಎಮ್ಮೆ ನಾಟಿಗೆ ಬೆಳೆಸಿದ್ದ ನಮ್ಮ ಭತ್ತದ ನೇಜಿಗೆ ನುಗ್ಗಿತು. ನಾನು ಗದ್ದೆಯ ಬದಿಯ ಕಟ್ಟಪುಣಿಯಲ್ಲಿ ನಿಂತು ಮೊದಲು ಎಮ್ಮೆಗೆ, ಆಮೇಲೆ ಅದರ ಯಜಮಾನಿ ದೇಯಿಗೆ, ಮತ್ತೆ ಅವಳ ಹಿರಿಯರಿಗೆ ಕ್ರಮವಾಗಿ ಬೈದೆ. ಸಂಜೆಗೆ ಗಂಟಲಿನೊಳಗೆ ಗರಗಸ ಎಳೆದ ಹಾಗಾಯಿತು. ಮದ್ದು ಹೇಳಲಿಕ್ಕೆ ಮೊದಲು ಬಂದವಳು ಅದೇ ದೇಯಿ. "ಕೋಳಿಯ ಗರಿಯನ್ನು ಸೀಮೆಎಣ್ಣೆಗೆ ಅದ್ದಿ ಗಂಟಲಲ್ಲಿ ಎರಡು ಸುತ್ತು ತಿರುಗಿಸುವ, ಅಕ್ಕ. ಈಗ ಗುಣ ಆಗ್ತದೆ." ಬೆಳಿಗ್ಗೆ ಬೈಸಿಕೊಂಡವಳ ಕೈಯಲ್ಲಿ ಸಂಜೆ ಗಂಟಲು ಕೊಡುವಷ್ಟು ದಡ್ಡಿ ನಾನಲ್ಲ. ಕುತ್ತಿಗೆಗೆ ಸುಣ್ಣ ಬಳಿದುಕೊಂಡೆ. ಮರುದಿನ ಬೆಳಿಗ್ಗೆ ನೋಡಿದರೆ ಒಳಗಿನ ಉರಿ ಹಾಗೆಯೇ ಉಂಟು, ಹೊರಗೆ ಚರ್ಮವೂ ಸುಟ್ಟಿದೆ.

ಬುಧವಾರ ಮಾವ ನನ್ನನ್ನು ಪೇಟೆಯ ಡಾಕ್ಟರಲ್ಲಿಗೆ ಕರೆದುಕೊಂಡು ಹೋದರು. ಅವರು ಕುತ್ತಿಗೆ ನೋಡಿ, "ಗೋಡೆಗೆ ಬಳಿಯುವುದನ್ನು ಇಲ್ಲಿಗೆ ಯಾಕೆ ಬಳಿದಿರಿ?" ಅಂದರು. ಮಾವನ ಬಾಯಿಂದ ಗರಿಯ ವಿಷಯ ಕೇಳಿ, ಸೀಮೆಎಣ್ಣೆ ದೀಪಕ್ಕೆ ಮಾತ್ರ, ಅದು ಎದೆಗೆ ಇಳಿದರೆ ಜೀವಕ್ಕೇ ಅಪಾಯ ಅಂತ ಗದರಿದರು. ಬ್ಯಾಟರಿಯ ಬೆಳಕು ಬಿಟ್ಟು ಬಾಯಿಯೊಳಗೆ ನೋಡಿದರು. "ಕೂಗಿ ಕೂಗಿ ಬಾತಿದೆ, ಅಷ್ಟೇ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು. ಗಂಟಲಲ್ಲಿ ಗಳಗಳ ಮಾಡಿ ಉಗಿಯಬೇಕು, ನುಂಗಬಾರದು. ದಿನಕ್ಕೆ ನಾಲ್ಕೈದು ಸಲ. ತೆಳ್ಳಗಿನ ಗಂಜಿ ಕುಡಿಯಿರಿ. ಮಾತು ಬೇಡ, ಪಿಸುಮಾತೂ ಬೇಡ. ಜ್ವರ ಏರಿದರೆ, ಎಂಜಲು ನುಂಗಲಿಕ್ಕಾಗದಿದ್ದರೆ, ಉಸಿರು ಕಟ್ಟಿದರೆ ಕೂಡಲೇ ಬನ್ನಿ." ನಾನು ತೋಳು ತೋರಿಸಿ ಒಂದು ಸೂಜಿ ಹಾಕಿ ಅಂತ ಸನ್ನೆ ಮಾಡಿದೆ. "ಇದಕ್ಕೆ ಸೂಜಿ ಬೇಡ, ಬಾಯಿ ಮುಚ್ಚಿಕೊಂಡರೆ ಸಾಕು" ಅಂದರು. ಮಾವ ಕೈಮುಗಿದು, "ಡಾಕ್ಟ್ರೇ, ಆ ಮದ್ದನ್ನು ಎಷ್ಟು ದಿನಕ್ಕೆ ಕೊಡ್ತೀರಿ? ಸ್ವಲ್ಪ ಜಾಸ್ತಿಯೇ ಕೊಟ್ಟರೂ ಅಡ್ಡಿ ಇಲ್ಲ" ಅಂದರು.

ನನಗೆ ಶುಕ್ರವಾರದೊಳಗೆ ಸ್ವರ ಬೇಕಿತ್ತು. ನಾನು ಕೇಳದಿದ್ದರೆ ಆ ಹುಡುಗನನ್ನು ಕೇಳುವವರು ಯಾರು? ಮನೆಗೆ ಬಂದವಳೇ ನೀರು ಬೆಚ್ಚಗೆ ಮಾಡಿ ಉಪ್ಪಿಗೆ ಹುಡುಕಿದೆ. ಉಪ್ಪು ಹಾಕಿಡುವ ಮರದ ಮರಿಗೆಯೇ ಇಲ್ಲ. ಗಿರಿಜೆ ಅಲ್ಲೇ ತೆಂಗಿನಕಾಯಿ ತುರಿಯುತ್ತಿದ್ದಳು. "ಉಪ್ಪು ಮುಗಿದಿದೆ ಅಕ್ಕ. ಮರಿಗೆ ತೊಳೆದು ಒಣಗಲಿಕ್ಕೆ ಇಟ್ಟಿದ್ದೇನೆ. ಮಾವಿನಕಾಯಿಯ ಭರಣಿಯಲ್ಲಿ ಉಪ್ಪುನೀರು ಬೇಕಾದಷ್ಟು ಉಂಟಲ್ಲ?" ಅಂದಳು. ಹೌದಲ್ಲ ಅಂತ ಕಂಡಿತು. ಡಾಕ್ಟರು ಹೇಳಿದ್ದು ಅರ್ಧ ಚಮಚದ ಉಪ್ಪು, ಭರಣಿಯಲ್ಲಿರುವುದು ಎರಡು ಸೇರಿನದ್ದು. ಎರಡು ದಿನದಲ್ಲಿ ಆಗುವ ಗುಣ ಒಂದೇ ದಿನದಲ್ಲಿ ಆದೀತು. ಸೌಟು ತುಂಬಾ ತೆಗೆದು, ತಲೆ ಮೇಲೆ ಮಾಡಿ, ಗಳಗಳ ಮಾಡಿದೆ. ಆ ಭರಣಿಗೆ ಒಂದು ಹಿಡಿ ಗಾಂಧಾರಿ ಮೆಣಸು ಹಾಕಿದವಳು ನಾನೇ. ಅದು ನೆನಪಾದದ್ದು ಗಳಗಳದ ನಡುವೆ. ಕೆಮ್ಮು ಬಂತು, ಕೆಮ್ಮಿನಲ್ಲಿ ಅರ್ಧ ಒಳಗೆ ಹೋಯಿತು. ಕಣ್ಣಿಂದ, ಮೂಗಿಂದ ನೀರು ಬಂತು, ಸ್ವರ ಒಂದು ಬರಲಿಲ್ಲ. ಇದ್ದ ಚೂರೂ ಹೋಯಿತು.

ಶುಕ್ರವಾರ ಅವರು ಬಂದರು. ಹುಡುಗ ಕುರ್ಚಿಯ ತುದಿಯಲ್ಲಿ ಕೂತು, ಚಾ ಲೋಟವನ್ನು ಈ ಕೈಯಿಂದ ಆ ಕೈಗೆ ಬದಲಿಸಿದನೇ ಹೊರತು ಒಂದು ಅಕ್ಷರ ಮಾತಾಡಲಿಲ್ಲ. 'ಇವನಿಗೆ ಬಾಯಿ ಉಂಟಾ?' ಅಂತ ಕೇಳಲಿಕ್ಕೆ ನನ್ನ ಗಂಟಲು ಅಲ್ಲಿಂದಲ್ಲಿಗೆ ಏರಿ ಇಳಿಯಿತು. ಹುಡುಗನ ತಾಯಿ ನನ್ನನ್ನು ನೋಡಿ, "ಅಕ್ಕನಿಗೆ ಮಾತು ಕಡಿಮೆಯಾ?" ಅಂತ ಕೇಳಿದರು.

"ಮೊದಲಿನಿಂದಲೂ ಹಾಗೆಯೇ, ಪಾಪ" ಅಂದರು ಮಾವ, ರೆಪ್ಪೆ ಕೂಡ ಬಡಿಯದೆ.

ನಾನು ಚಾದ ತಟ್ಟೆಯನ್ನು ನೆಲಕ್ಕೆ ಕುಕ್ಕಿದೆ. ಹುಡುಗನ ತಾಯಿ ಅದನ್ನು ನಾಚಿಕೆ ಅಂತ ತಿಳಿದುಕೊಂಡರು. "ನಮ್ಮವನೂ ಹೀಗೆಯೇ. ಎರಡೂ ಕಡೆ ಒಂದೇ ಗುಣ. ಇಂಥ ಮನೆ ಸಿಗುವುದು ಕಷ್ಟ" ಅಂದರು. ಅಲ್ಲೇ ವೀಳ್ಯ ಬದಲಾಗಿ ಸಂಬಂಧ ಗಟ್ಟಿಯಾಯಿತು. ಗಿರಿಜೆ ನನ್ನ ಕಾಲಿಗೆ ಬಿದ್ದಳು, ಬೇಗ ಏಳಲಿಲ್ಲ. ಆಗ ನಾನು ಅಳುತ್ತಿದ್ದಾಳೆ ಅಂದುಕೊಂಡೆ. ಈಗ ಯೋಚಿಸಿದರೆ ನಕ್ಕಿರಬೇಕು.

ಮತ್ತೆ ಮಾವ ತಂದುಕೊಟ್ಟ ಉಪ್ಪಿನಲ್ಲಿ ಡಾಕ್ಟರು ಹೇಳಿದ ಹಾಗೆಯೇ ಮಾಡಿದೆ, ಐದಾರು ದಿನದಲ್ಲಿ ಸ್ವರ ಬಂತು. ಮದುವೆಯ ದಿನ ಧಾರೆಯಾದ ಮೇಲೆ ಅಡಿಗೆಯವರಿಗೆ ನಾನು ಕೂಗಿ ಹೇಳಿದ್ದು ಕೇಳಿ ಹುಡುಗನ ತಾಯಿ ಕೈಯಲ್ಲಿದ್ದ ಹೂವಿನ ಹರಿವಾಣ ಕೆಳಗೆ ಹಾಕಿದರು. ಅಷ್ಟು ಹೊತ್ತಿಗೆ ಕೆಲಸ ಆಗಿತ್ತು.

ಮದುವೆ ಕಳೆದು ಹತ್ತು ದಿನಕ್ಕೆ ಹುಲ್ಲಿನಲ್ಲಿ ಕಟ್ಟಿಟ್ಟ ಅಕ್ಕಿ ಮುಡಿಗಳನ್ನು ಸರಿಸಿ ಗುಡಿಸುವಾಗ ಅವುಗಳ ಹಿಂದೆ ಉಪ್ಪಿನ ಮರಿಗೆ ಸಿಕ್ಕಿತು. ತೊಳೆದದ್ದಲ್ಲ, ಒಣಗಲಿಕ್ಕೆ ಇಟ್ಟದ್ದೂ ಅಲ್ಲ. ಕಂಠದವರೆಗೆ ಉಪ್ಪು, ಮೇಲೆ ಗಿರಿಜೆಯ ಹಳೇ ರವಕೆ ಮುಚ್ಚಿತ್ತು.

ಮುಂದಿನ ವಾರ ಗಿರಿಜೆ ಗಂಡನೊಟ್ಟಿಗೆ ಬಂದಳು. ಬೈಗುಳಗಳನ್ನೆಲ್ಲ ಸಾಲಾಗಿ ಜೋಡಿಸಿ ಇಟ್ಟುಕೊಂಡಿದ್ದೆ. ನೋಡಿದರೆ, ಆ ಮಾತಿಲ್ಲದ ಹುಡುಗ ಅಂಗಳದಲ್ಲಿ ನಿಂತು ಅವಳ ಕಾಲಿಗೆ ಚೆಂಬಿನಿಂದ ನೀರು ಹೊಯ್ಯುತ್ತಿದ್ದಾನೆ, ಅವಳು ನಗುತ್ತಿದ್ದಾಳೆ. ಒಳಗೆ ಬಂದ ಮೇಲೆ, "ನಾರಾವಿಯಲ್ಲಿ ಉಪ್ಪು ಸಿಗ್ತದಾ?" ಅಂತ ಮಾತ್ರ ಕೇಳಿದೆ.

"ಬೇಕಾದಷ್ಟು ಸಿಗ್ತದೆ ಅಕ್ಕ" ಅಂದಳು. "ನಿನ್ನ ಗಂಟಲು ಹೇಗುಂಟು?"

ಗಂಟಲು ಚೆನ್ನಾಗಿಯೇ ಇತ್ತು. ಹಾಗಿದ್ದೂ ನಾನು ಬಾಯಿ ಮುಚ್ಚಿ ಕೂತದ್ದು ಜನ್ಮದಲ್ಲಿ ಅದೊಂದೇ ಸಲ. ಮಾವ ಓಡಿ ಬಂದು ನನ್ನ ಹಣೆ ಮುಟ್ಟಿ ನೋಡಿದರು, ಜ್ವರ ಉಂಟಾ ಅಂತ.