ಸಿಪ್ಪೆಯ ಎರಡನೇ ನೀರು

ದ್ರಾಕ್ಷಿತೋಟದ ಕೆಲಸಕ್ಕೆ ಸೇರಿದ ಮೇಲೆ ನನಗೆ ನಗುವಿಗೆ ಬರವಿಲ್ಲ. ಒಂದು ಪ್ರಸಂಗ ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಪ್ರಸಂಗ ಗೇಟಿನ ಹತ್ತಿರ ಕಾರು ನಿಲ್ಲಿಸಿಕೊಂಡಿರುತ್ತದೆ.

ಹೊಸೂರಿನ ಫ್ಯಾಕ್ಟರಿಯ ಶಿಫ್ಟು ಸಾಕಾಗಿ ಡೆಂಕಣಿಕೋಟೆ ಕಡೆಯ ಈ ತೋಟಕ್ಕೆ ಬಂದವನು ನಾನು. ವೈನ್ ಮಾಡುವುದನ್ನು ನೋಡಲು ಬರುವವರಿಗೆ ಎಲ್ಲ ತೋರಿಸಿ ವಿವರಿಸುವುದು ನನ್ನ ಕೆಲಸ. ನಮ್ಮಲ್ಲಿ ಏನನ್ನೂ ಬಿಸಾಡುವುದಿಲ್ಲ. ರಸ ಹಿಂಡಿ ಉಳಿದ ಸಿಪ್ಪೆಗೆ ನೀರು ಹಾಕಿ, ಹುಳಿಯಲು ಬಿಟ್ಟು, ಮತ್ತೆ ಹಿಂಡಿ ಒಂದು ತೆಳು ಪಾನೀಯ ಮಾಡುತ್ತೇವೆ. ಅಮಲು ತೀರಾ ಕಡಿಮೆ. ದೂರದ ದೇಶಗಳಲ್ಲಿ ತೋಟದ ಆಳುಗಳು ಹಿಂದಿನಿಂದಲೂ ಇದನ್ನು ಕುಡಿಯುತ್ತಿದ್ದರಂತೆ. ಆಮೇಲೆ ಉಳಿದ ಸಿಪ್ಪೆ ಗೊಬ್ಬರದ ಗುಂಡಿಗೆ.

ಬಂದವರಿಗೆಲ್ಲ ಇದರ ಮೇಲೆ ಕುತೂಹಲ, ನಮ್ಮತ್ತೆಗೆ ಮಾತ್ರ ಕೋಪ. ಅವರು ನನಗೆ ಸೋದರತ್ತೆಯೂ ಹೌದು, ಹೆಣ್ಣು ಕೊಟ್ಟ ಅತ್ತೆಯೂ ಹೌದು. ಹಾಗಾಗಿ ಬೈಗುಳ ಎರಡು ಪಾಲು. "ಹೆಂಡ ಮಾರೋನ ಮನೇಲಿ ನಾನು ನೀರೂ ಮುಟ್ಟಾಕಿಲ್ಲ" ಅಂದುಬಿಟ್ಟಿದ್ದರು. ಇತ್ತ ನಮ್ಮ ಹೊಸ ಮನೆಯ ಗೃಹಪ್ರವೇಶ ಹತ್ತಿರ ಬಂದಿತ್ತು. ಅವ್ವ ಬಾರದೆ ಹಾಲುಕ್ಕಿಸುವುದಿಲ್ಲ ಅಂತ ಹೆಂಡತಿಯ ಹಟ. ಇಬ್ಬರ ನಡುವೆ ನನಗೆ ಊಟ ಸೇರುತ್ತಿರಲಿಲ್ಲ.

ತಪ್ಪಾಯ್ತು ತಾಯಿ

ಬಂದವರು ತೊಟ್ಟಿಯಲ್ಲಿ ಇಳಿದು ದ್ರಾಕ್ಷಿ ತುಳಿಯುವುದು ನಮ್ಮಲ್ಲೊಂದು ಆಟ. ಅದನ್ನು ಮೊದಲ ಸಲ ನೋಡಿದ ಕೂಲಿ ಹೆಂಗಸೊಬ್ಬಳು ಹೌಹಾರಿದಳು. "ತಿನ್ನೋ ಪದಾರ್ಥಕ್ಕೆ ಕಾಲು ಸೋಕಿಸ್ತೀರಾ? ಮುಟ್ಟಿ ಕಣ್ಣಿಗೆ ಒತ್ಕಳ್ರಿ!"

ಬೆಂಗಳೂರಿನಿಂದ ಬಂದಿದ್ದ ಆ ಗುಂಪು ಇದು ನೂರಾರು ವರ್ಷದ ಪದ್ಧತಿ ಅಂದುಕೊಂಡಿತು. ಒಂದು ಸಲ ತುಳಿಯುವುದು, ಬಗ್ಗಿ ಹಣ್ಣು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು, "ತಪ್ಪಾಯ್ತು ತಾಯಿ" ಅನ್ನುವುದು, ಮತ್ತೆ ತುಳಿಯುವುದು. ಅರ್ಧ ಬುಟ್ಟಿ ಮುಗಿಯುವಷ್ಟರಲ್ಲಿ ಎಲ್ಲರ ಸೊಂಟವೂ ಹಿಡಿದಿತ್ತು. ಮುಂದಿನ ವಾರ ಬಂದ ಗುಂಪು ಗೇಟಿನಲ್ಲೇ ಕೇಳಿತು: "ಆ ಕ್ಷಮಾಪಣೆ ಪೂಜೆ ಟಿಕೆಟ್ಟಿನಲ್ಲೇ ಸೇರಿದೆಯಾ?"

ಅತ್ತೆಗೆ ಮುಟ್ಟಿದ ಸುದ್ದಿ ಬೇರೆ: ಅಳಿಯ ಹಣ್ಣು ತುಳಿಸಿ ಪಾಪ ಕಟ್ಟಿಕೊಳ್ಳುತ್ತಿದ್ದಾನೆ.

ಬೀಳ್ಕೊಡುಗೆ

ಒಂದು ಸಂಜೆ ಪಕ್ಕದ ರಾಗಿ ಹೊಲದಲ್ಲಿ ಪಟಾಕಿ ಢಮಢಮ ಅಂದಿತು.

"ನಮಗೆ ಸ್ವಾಗತಾನಾ?" ಒಬ್ಬ ಮೇಡಂ ಖುಷಿಯಿಂದ ಕೇಳಿದರು.

"ಇಲ್ಲ ಮೇಡಂ, ಬೀಳ್ಕೊಡುಗೆ."

"ಯಾರಿಗೆ?"

ಸಾನಮಾವು ಕಾಡಿನಿಂದ ಬಂದಿದ್ದ ಆನೆ ಬೇಲಿಯಾಚೆ ತಲೆಯೆತ್ತಿತು. ಮೇಡಂ ನನಗಿಂತ ಮುಂಚೆ ಮಾಳಿಗೆ ಹತ್ತಿದ್ದರು, ಕೈಯಲ್ಲಿದ್ದ ಗ್ಲಾಸಿನಿಂದ ಒಂದು ತೊಟ್ಟೂ ಚೆಲ್ಲದೆ.

ಗೊಬ್ಬರದ ಗುಂಡಿಯ ಘಮಕ್ಕೆ ಆನೆ ಮರುಳಾದೀತು ಅಂತ ನನಗೆ ಭಯವಿತ್ತು. ಅದು ಒಂದು ಸಲ ಮೂಸಿ, ಸೊಂಡಿಲಲ್ಲಿ ಸಿಪ್ಪೆಯನ್ನು ಆಚೆ ತಳ್ಳಿ ಕಾಡಿನ ಕಡೆ ನಡೆಯಿತು. ಊರಲ್ಲಿ ಮಾತ್ರ ಬೇರೆ ಕತೆ ಹಬ್ಬಿತು. ಅತ್ತೆ ಫೋನಿನಲ್ಲಿ ಮಗಳಿಗೆ ಹೇಳಿದರು: "ಜನಕ್ಕೆ ಕುಡಿಸಿದ್ದು ಸಾಲ್ದು ಅಂತ ನಿನ್ ಗಂಡ ಆನೆಗೂ ಕುಡಿಸ್ತಾವ್ನಂತೆ!"

ಮೊದಲನೇದು ತೆಗೀರಿ

ಮರುದಿನವೇ ಅತ್ತೆ ಬಸ್ಸಿಳಿದು ತೋಟಕ್ಕೆ ಬಂದರು. ಓನರಿಗೆ ಛೀಮಾರಿ ಹಾಕಿ ನನ್ನನ್ನು ಬಿಡಿಸಿಕೊಂಡು ಹೋಗುವುದು ಅವರ ಉದ್ದೇಶ. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬೈಗುಳ ಸಿದ್ಧವಿತ್ತು. ನೋಡಲು ಬಂದವರು ಜಗಲಿಯ ಮೇಲೆ ಗ್ಲಾಸು ಹಿಡಿದು ಕೂತಿದ್ದರು, ಓನರು ಅವರಿಗೆ ಬಗ್ಗಿಸಿ ಕೊಡುತ್ತಿದ್ದರು. ಅತ್ತೆ ಬಾಯಿ ತೆರೆಯುವ ಮೊದಲು ಪಕ್ಕದ ಡ್ರಮ್ಮಿನೊಳಗೆ ಇಣುಕಿದರು. ಅಡುಗೆಮನೆ ಆಳಿದ ಹೆಂಗಸು ಮುಚ್ಚಳ ತೆರೆದ ಪಾತ್ರೆ ಕಂಡರೆ ಸುಮ್ಮನಿರುತ್ತಾಳೆಯೇ?

"ಇದೇನ್ಲಾ?"

"ದ್ರಾಕ್ಷಿ ಸಿಪ್ಪೆ ಅತ್ತೆ. ನೀರು ಹಾಕಿ ಮತ್ತೆ ಹಿಂಡ್ತೀವಿ."

"ಮೊದಲ್ನೇ ರಸ ಎಲ್ಲೋಯ್ತು?"

"ಬಾಟಲಿಗೆ. ಅದು ವೈನು."

"ಅವ್ರು ಕುಡೀತಿರೋದು?"

"ಈ ಎರಡ್ನೇ ನೀರು."

ಅತ್ತೆಯ ಮುಖ ಕೆಂಪಾಯಿತು. ಹುಣಿಸೆಹಣ್ಣಾಗಲಿ, ಕಾಫಿ ಡಿಕಾಕ್ಷನ್ನಾಗಲಿ, ಎರಡನೇ ನೀರು ಮನೆಯವರಿಗೆ. ಬಂದ ನೆಂಟರಿಗೆ ಅದನ್ನು ಕೊಟ್ಟ ಮನೆಯ ಮಾನ ನಮ್ಮ ಕಡೆ ಉಳಿಯುವುದಿಲ್ಲ. ಅತ್ತೆ ಬಂದ ಕೆಲಸವನ್ನೇ ಮರೆತು ಓನರ ಮೇಲೆ ತಿರುಗಿದರು.

"ನಾಚ್ಕೆ ಆಗಾಕಿಲ್ವಾ ಸಾಮಿ? ಅಷ್ಟು ದೂರದಿಂದ ಮನೆ ಬಾಗ್ಲಿಗೆ ಬಂದವ್ರೆ, ಅವ್ರಿಗೆ ಸಿಪ್ಪೆ ತೊಳೆದ ನೀರಾ? ಮೊದಲ್ನೇದು ತೆಗೀರಿ! ಎಲ್ಲಾರ್ಗೂ ಲೋಟ ತುಂಬ ಕೊಡ್ರಿ!"

ಜಗಲಿಯ ಮೇಲಿದ್ದವರು ಚಪ್ಪಾಳೆ ತಟ್ಟಿದರು. ಓನರು ಒಳಗೆ ಹೋಗಿ ಬಾಟಲಿ ತಂದರು.

ಅತ್ತೆ ಅದೇ ಬಸ್ಸಿನಲ್ಲಿ ವಾಪಸ್ಸು ಹೋಗುತ್ತಾ ಸಿಕ್ಕವರಿಗೆಲ್ಲ ಹೇಳಿದರಂತೆ: "ನಮ್ಮಳಿಯ ಹೆಂಡ ಮಾರಾಕಿಲ್ಲ ಕಣ್ರೀ. ಪಾಪ, ಸಿಪ್ಪೆ ತೊಳೆದ ನೀರು ಮಾರ್ತಾನೆ." ಹೆಂಡದವನು ಅನ್ನುವ ಹೆಸರು ಹೋಗಿ ಮೋಸಗಾರ ಅನ್ನುವ ಹೆಸರು ಬಂತು. ನನಗೆ ಅದೇ ದೊಡ್ಡ ಸಂತೋಷ, ಯಾಕೆಂದರೆ ಗೃಹಪ್ರವೇಶಕ್ಕೆ ಅತ್ತೆ ಎಲ್ಲರಿಗಿಂತ ಮೊದಲು ಬಂದರು. ನೀರೂ ಕುಡಿದರು.

ಹೆಂಡತಿಯ ಕಣ್ಣು ತುಂಬಿತ್ತು. ಹೊಸ ಒಲೆ ಹಚ್ಚಿ, ಹಾಲಿನ ಪಾತ್ರೆಯನ್ನು ಅದರ ಮೇಲಿಡಲು ನನ್ನ ಕೈಗೆ ಕೊಟ್ಟಳು. ಅತ್ತೆ ಓಡಿ ಬಂದು ಕಿತ್ತುಕೊಂಡರು.

"ಅವ್ನ ಕೈಗೆ ಕೊಡಬ್ಯಾಡ ಕಣೇ. ಅಭ್ಯಾಸಬಲ, ನೀರು ಹಾಕ್ಬುಡ್ತಾನೆ!"