ಟೆಲ್ಯೂರಿಯಂ ಬಾಯಿ

ತಪ್ಪು ಮಾಡಿ ಸಿಕ್ಕಿಬಿದ್ದರೆ ಹೇಗೋ ಬಚಾವಾಗಬಹುದು. ಮಾಡದ ತಪ್ಪಿಗೆ ಸಿಕ್ಕಿಬಿದ್ದ ಗಂಡನಿಗೆ ಮಾತ್ರ ದೇವರೇ ಗತಿ. ನಾನು ಬೀದರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವವನು. ಉಳಿದ ಹೊತ್ತಿನಲ್ಲಿ ಬಿಸ್ಮತ್, ಟೆಲ್ಯೂರಿಯಂ ಎಂಬ ಎರಡು ಧಾತುಗಳನ್ನು ಕುಲುಮೆಯಲ್ಲಿ ಬೆಸೆದು, ಪುಟ್ಟ ಒರಳಿನಲ್ಲಿ ಅರೆದು, ಒತ್ತಿ, ಸುಟ್ಟು ಬಿಲ್ಲೆ ಮಾಡುತ್ತೇನೆ. ಬಿಲ್ಲೆಯ ಒಂದು ಬದಿ ಬಿಸಿ, ಇನ್ನೊಂದು ಬದಿ ತಂಪಾಗಿದ್ದರೆ ಕರೆಂಟು ಹುಟ್ಟುತ್ತದೆ. ನಮ್ಮೂರಲ್ಲಿ ಬಿಸಿಗೇನೂ ಕೊರತೆಯಿಲ್ಲ, ತಂಪಿನದೇ ಫಜೀತಿ.

ಆದರೆ ಬಿಲ್ಲೆಗಳು ಸುಟ್ಟು ಹೊರಬರುವಾಗ ಬಿರುಕು ಬಿಡುತ್ತಿದ್ದವು. ನನ್ನ ಸಪ್ಪೆ ಮುಖ ನೋಡಲಾರದೆ ಹೆಂಡತಿ ಮಹಾದೇವಿ, ಭಾತಂಬ್ರಾದ ತವರಿನ ಪದ್ಧತಿಯಂತೆ, ಶ್ರಾವಣ ಮುಗಿಯುವವರೆಗೆ ಮನೆಯಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ ಬಂದ್ ಮಾಡಿದಳು. ಬಿಲ್ಲೆ ಒಡೆಯಬಾರದೆಂದು ವ್ರತ ಹಿಡಿದ ಹೆಂಗಸು ಜಗತ್ತಿನಲ್ಲಿ ಅವಳೊಬ್ಬಳೇ ಇರಬೇಕು. ಅಂಥವಳ ಎದುರು ನಾನು ಬಾಯಿ ತೆರೆದರೆ ಘಮ್ಮೆಂದು ಬೆಳ್ಳುಳ್ಳಿ ವಾಸನೆ!

"ಹೊರಗ ಚಟ್ನಿ ತಿಂದ್ ಬಂದೀರಿ. ನನ್ನ ಮುಂದ ಯಾಕ ಮುಚ್ಚಿಡ್ತೀರಿ?"

"ದೇವರಾಣಿ ತಿಂದಿಲ್ಲ. ಅದು ಟೆಲ್ಯೂರಿಯಂ ವಾಸನಿ."

"ಅದಕ್ಕ ಒಗ್ಗರಣಿ ಯಾರ್ ಕೊಟ್ಟಾರ್ರಿ?" ಎಂದವಳ ಕಣ್ಣಲ್ಲಿ ನೀರು. "ನಿಮ್ಮ ಸಲುವಾಗಿ ವ್ರತ ಹಿಡಿದೇನಿ. ನೀವೇ ಮುರಿದ್ರ ಹ್ಯಾಂಗ?"

ವಾಸನೆ ಅಡಗಿಸಲು ಲವಂಗ, ಏಲಕ್ಕಿ ಜಗಿದು ನೋಡಿದೆ. ಬೆಳ್ಳುಳ್ಳಿಗೆ ಮಸಾಲೆ ಸೇರಿ ಅವಳ ಅನುಮಾನ ಚಟ್ನಿಯಿಂದ ಬಿರಿಯಾನಿಗೆ ಏರಿತು.

ಕೊನೆಗೆ ನನ್ನ ಜೊತೆ ಸಂಶೋಧನೆ ಮಾಡುವ ಸಲೀಮನನ್ನು ಸಾಕ್ಷಿಗೆಂದು ಚಿದ್ರಿಯ ನಮ್ಮ ಮನೆಗೆ ಕರೆತಂದೆ. ಅವನ ಉಸಿರಿಗೂ ಅದೇ ವಾಸನೆ. "ಭಾಬೀ, ಸರ್ ಖರೇನ ಹೇಳ್ಯಾರ. ಅರಿಯೋವಾಗ ಆ ಪುಡಿ ಮೈಯಾಗ ಹೋಗ್ತದ್ರಿ. ಆಮ್ಯಾಲ ಉಸುರೆಲ್ಲ ಬಳ್ಳೊಳ್ಳಿ. ನಮ್ಮ ಅಮ್ಮೀನೂ ದಿನಾ ಬೈತಾರ."

ನಾನು ಕೇಸು ಗೆದ್ದ ವಕೀಲನ ಹಾಗೆ ಮೀಸೆ ತಿರುವಿದೆ. ಮಹಾದೇವಿಯ ಮುಖ ಬಿಳುಚಿಕೊಂಡಿತು. "ಮೈಯಾಗ ಹೋಗ್ತದ? ಅಯ್ಯ, ನೀವು ಚಟ್ನಿ ತಿಂದಿದ್ರೇ ಛಲೋ ಇತ್ತಲ್ರಿ!"

ಇನ್ನು ಮುಂದೆ ಮಾಸ್ಕ್ ಹಾಕಿಕೊಂಡು, ಗಾಜಿನ ಪೆಟ್ಟಿಗೆಯೊಳಗೇ ಅರೆಯುತ್ತೇನೆಂದು ಮಾತು ಕೊಟ್ಟೆ, ಹಾಗೇ ನಡೆದುಕೊಂಡೆ. ಆದರೆ ಒಮ್ಮೆ ಒಳಹೊಕ್ಕ ಹಾಳು ವಾಸನೆ ವಾರಗಟ್ಟಲೆ ಬಿಡುವುದಿಲ್ಲ. ಸಂಜೆ ಬಾಗಿಲಲ್ಲೇ ನನ್ನ ಉಸಿರು ಮೂಸಿ, ಪುಡಿ ಇನ್ನೂ ಮೈಯಲ್ಲೇ ಇದೆಯೆಂದು ಹೆದರಿ, ಅವಳು ಊಟ ಬಿಟ್ಟು ಕೂರತೊಡಗಿದಳು. ನೋಡಲಾರದೆ ಒಂದು ದಿನ ಹೇಳಿಯೇಬಿಟ್ಟೆ: "ಇವತ್ತು ಖರೇನ ಚಟ್ನಿ ತಿಂದ್ ಬಂದೇನಿ. ನೀ ಉಣ್ಣು."

"ಸುಳ್ಳ ಹೇಳಬ್ಯಾಡ್ರಿ," ಎಂದಳು, "ನೀವು ಅಂಥಾವ್ರಲ್ಲ."

ಮದುವೆಯಾದ ಮೇಲೆ ಅವಳು ನನ್ನನ್ನು ಅಷ್ಟೊಂದು ನಂಬಿದ್ದು ಅದೇ ಮೊದಲು. ಅದೂ ನಾನು ಸುಳ್ಳು ಹೇಳುವಾಗ.