ಸಂಚಕಾರದ ಡಬ್ಬಿ

ಉಣ್ಣುವ ಅನ್ನವನ್ನೂ ಆಡುವ ಮಾತನ್ನೂ ಕರುಣಿಸಿದ ಉಳವಿಯ ಸ್ವಾಮಿಗೆ ಮೊದಲೊಂದು ನಮಸ್ಕಾರ. ನಮ್ಮ ಭಾವನವರನ್ನು ಕೊಟ್ಟದ್ದಕ್ಕೆ ಇನ್ನೊಂದು. ಅವರಷ್ಟು ಅಂಜುಬುರುಕ ವ್ಯಾಪಾರಿ ಕಾಳಿ ನದಿಯ ಎರಡೂ ದಂಡೆಗಳಲ್ಲಿ ಮತ್ತೊಬ್ಬರಿಲ್ಲ.

ದಾಂಡೇಲಿಯಲ್ಲಿ ಅವರದು ಮರದ ಸಾಮಾನಿನ ಅಂಗಡಿ. ಮುಂಗಡ ಬಂದರೆ ಉಳಿದವರು ಹಿಗ್ಗುತ್ತಾರೆ, ಇವರು ನಡುಗುತ್ತಾರೆ. ನಮ್ಮ ಕಡೆ ಮುಂಗಡಕ್ಕೆ ಸಂಚಕಾರವೆನ್ನುತ್ತೇವೆ. ಪ್ರಾಣಕ್ಕೊದಗುವ ಕುತ್ತಿಗೂ ಅದೇ ಹೆಸರು. ಭಾಷೆ ಸುಮ್ಮನೆ ಹಾಗೆ ಮಾಡಿದೆಯೇ ಎಂಬುದು ಅವರ ಪ್ರಶ್ನೆ! ಆದ್ದರಿಂದ ಕೊಟ್ಟವರ ನೋಟು, ಕೊಟ್ಟವರ ಹೆಸರಿನ ಚೀಟಿಯೊಡನೆ, ದೇವರ ಗೂಡಿನ ಡಬ್ಬಿ ಸೇರಿ, ಸಾಮಾನು ಮಾರಾಟವಾಗುವವರೆಗೆ ಅಲ್ಲೇ ಇರುತ್ತದೆ. ಒಮ್ಮೆ ಆಟೋದವನಿಗೆ ಕೊಡಲೆಂದು ನಾನು ಅದರೊಳಗಿನ ಒಂದು ನೋಟಿಗೆ ಕೈ ಹಾಕಿದೆ.

"ಅದು ಮಾಸ್ತರು ಹೇಳಿದ ಕಪಾಟಿನ ಕಾಲೈತಿ. ಮುರೀಬ್ಯಾಡ್ರಿ," ಎಂದರು ಭಾವನವರು.

ಕಳೆದ ವರ್ಷ ಹಳಿಯಾಳದ ಕಡೆಯ ಸಿದ್ದಿ ಅಜ್ಜಿಯೊಬ್ಬರು ಬಸುರಿ ಮಗಳಿಗಾಗಿ ತೊಟ್ಟಿಲು ಮಾಡಲು ಹೇಳಿ, ಐದುನೂರರ ನೋಟು ಕೊಟ್ಟರು. "ಕೂಸು ಹುಟ್ಟೂ ಮೊದಲ ತೊಟ್ಟಿಲ ಮನಿಗೆ ಒಯ್ಯಬಾರದ್ರಿ ಅಣ್ಣಾರ. ಹುಟ್ಟಿದ ಮ್ಯಾಲೆ ಬರ್ತೇನಿ."

ಹೆರಿಗೆಗೆಂದು ಹೇಳಿದ ತಿಂಗಳು ಕಳೆಯಿತು. ಮತ್ತೆರಡು ಕಳೆದವು. ಅಜ್ಜಿ ಬರಲಿಲ್ಲ. ಬರಿ ತೊಟ್ಟಿಲು ಗಾಳಿಗೂ ತೂಗಬಾರದೆಂದು ಭಾವನವರು ಅಂಗಡಿಯ ಫ್ಯಾನನ್ನೇ ಬಂದ್ ಮಾಡಿದರು. ಗಿರಾಕಿಗಳು ಬೆವರುತ್ತ ಚೌಕಾಸಿ ನಡೆಸಿದರು.

"ಫೋನ್ ಮಾಡ್ರಲಾ," ಎಂದೆ.

"ಏನಂತ ಕೇಳಲಿ? ಕೂಸು..."

ಮಾರ್ಚ್ ಕೊನೆಗೆ ಲೆಕ್ಕ ಬರೆಯುವವರು ಬಂದರು. "ಆಕಿ ಬರೂದಿಲ್ರೀ ಸಾಹುಕಾರ್ರ. ಇನ್ನ ಆ ಸಂಚಕಾರ ನಿಮ್ಮದ. ಆದಾಯಕ್ಕ ಬರದ ಬಿಡೂಣು."

ಭಾವನವರು ಖಾತೆಪುಸ್ತಕವನ್ನು ಎರಡೂ ಕೈಗಳಿಂದ ಮುಚ್ಚಿದರು. "ನನ್ನದು ಅಂತ ಬರದ್ರ, ಕೂಸಿಲ್ಲ ಅಂತ ಬರದಂಗ. ಕೊಡೂ ಬಾಕಿಯೊಳಗ ಇರಲಿ."

"ಎಲ್ಲೀತನಕ?"

"ತೊಟ್ಟಿಲ ತೂಗೂತನಕ."

ನಾನು ನಕ್ಕೆ. ಆದರೆ ಹೊರಡುವಾಗ ಆ ತೊಟ್ಟಿಲಿಗೆ ಮೈ ತಾಗದಂತೆ ಗೋಡೆಗಂಟಿಕೊಂಡೇ ನಡೆದೆ.

ಏಪ್ರಿಲಿನಲ್ಲಿ ಅಜ್ಜಿ ಬಂದರು. ಹಿಂದೆ ಮಗಳು, ಅವಳ ಸೆರಗಿನೊಳಗೊಂದು ಅಂಗೈಯಗಲದ ಮುಖ.

"ದಿನಾ ತುಂಬೂ ಮೊದಲ ಹುಟ್ಟಿತ್ರಿ. ಹುಬ್ಬಳ್ಳಿ ದವಾಖಾನ್ಯಾಗ ಗಾಜಿನ ಪೆಟ್ಟಿಗ್ಯಾಗ ಇಟ್ಟಿದ್ರು. ಉಳೀತೈತೋ ಇಲ್ಲೋ ಅಂತ ಅಂಜಿ ನಿಮಗ ತಿಳಸಲಿಲ್ಲ. ಸಂಚಕಾರ ಮುಳುಗಿತೇನ್ರಿ?"

ಭಾವನವರು ಬಾಕಿ ಹಣ ತೆಗೆದುಕೊಂಡು ಪುಸ್ತಕದಲ್ಲಿ 'ಮಾರಾಟವಾಯಿತು' ಎಂದು ಬರೆದರು. ಡಬ್ಬಿಯಿಂದ ಅದೇ ನೋಟನ್ನು ತೆಗೆದು ಕೂಸಿನ ಮುಷ್ಟಿಯೊಳಗಿಟ್ಟರು.

"ಈಗ ಇದು ನನ್ನದಾತು. ನನ್ನದಾದ ಮ್ಯಾಲೆ ಕೊಡಬಹುದಲ್ಲ."

ಆಮೇಲೆ ಎದ್ದು ಹೋಗಿ ಫ್ಯಾನು ಹಾಕಿದರು.

ಕೂಸಿಗೆ ದೀರ್ಘಾಯುಷ್ಯ, ಅಜ್ಜಿಗೂ ಮಗಳಿಗೂ ನಿಶ್ಚಿಂತ ನಿದ್ರೆ, ಲೆಕ್ಕದವರಿಗೆ ತಾಳ್ಮೆ, ನಮ್ಮ ಭಾವನವರಿಗೆ ಇದೇ ಅಂಜಿಕೆ, ಸ್ವಾಮಿ ಕೊನೆಯವರೆಗೂ ದಯಪಾಲಿಸಲಿ.